ದೊಡ್ಡಪ್ಪ ಕಳ್ಸಿದ ವಿಡಿಯೋ, ಫ್ಯಾಮಿಲಿ ಗ್ರೂಪಲ್ಲಿ ಜಗಳ

ದೊಡ್ಡಪ್ಪ: [ಫಾರ್ವರ್ಡ್ ವಿಡಿಯೋ: ಸಿನಿಮಾ ನಮ್ಮ ಮಕ್ಕಳನ್ನ ಹಾಳು ಮಾಡ್ತಿದೆ] ಎಲ್ರೂ ಪೂರ್ತಿ ನೋಡಿ ಆಮೇಲೆ ಮಾತಾಡಿ

ಅತ್ತೆ: ನಿಜ ಅಣ್ಣ. ಹುಡುಗಿ ಬೇಡ ಅಂದ್ರೂ ಮೂರು ಹಾಡು ಹಿಂದೆ ಬೀಳ್ತಾನೆ, ನಾಲ್ಕನೇ ಹಾಡಿಗೆ ಅವ್ಳು ನಗ್ತಾಳೆ. ಇದನ್ನೇ ನೋಡ್ಕೊಂಡು ಬೆಳೆದವನಿಗೆ ಬೇಡ ಅಂದ್ರೆ ಬೇಡ ಅಂತ ಯಾರು ಹೇಳ್ಕೊಡ್ಬೇಕು?

ತಮ್ಮ: ಅಷ್ಟು ದಡ್ಡರಲ್ಲ ಅತ್ತೆ ನಾವು 😂 ಎರಡೂವರೆ ಗಂಟೆ ಟೈಮ್‌ಪಾಸ್, ಮನೆಗ್ ಬರೋ ಹೊತ್ತಿಗೆ ಮರ್ತೋಗಿರುತ್ತೆ

ನಾನು: ಮರ್ತೋಗುತ್ತಾ? ನಿನ್ ಫೋನ್ ವಾಲ್‌ಪೇಪರ್ ಏನು ಹೇಳು. ಫೈಟ್ ಸೀನ್ ಕೂಡ ಅಲ್ಲ, ಹೀರೋ ಗಾಜಿನ ಆಫೀಸಲ್ಲಿ ಕತ್ತಿಗೆ ಐಡಿ ಕಾರ್ಡ್ ಹಾಕ್ಕೊಂಡು ಕಾಫಿ ಕಪ್ ಹಿಡ್ದು ನಡ್ಕೊಂಡ್ ಬರೋ ಫ್ರೇಮು, ನನ್ನೆದುರಿಗೇ ಸ್ಕ್ರೀನ್‌ಶಾಟ್ ತಗೊಂಡಿದ್ದೀಯ. ದೊಡ್ಡಪ್ಪ, ನೀವು ಕಳ್ಸಿದ ವಿಡಿಯೋದಲ್ಲಿ ಹೇಳೋ ಬಟ್ಟೆ, ಮುತ್ತು, ಕುಡಿತ ಎಲ್ಲ ಕಣ್ಣಿಗೆ ಕಾಣುತ್ತೆ, ಅದನ್ನ ಬೈಯೋಕೆ ಬೇಕಾದಷ್ಟು ಜನ ಇದಾರೆ. ನನ್ನ ತಕರಾರೇ ಬೇರೆ, ಆ ಆಫೀಸಲ್ಲಿ ಹೀರೋ ಕೂತು ಕೆಲ್ಸ ಮಾಡಿದ್ದನ್ನ ಯಾರಾದ್ರೂ ನೋಡಿದೀರಾ? ಹಾಡು ಶುರುವಾದಾಗ ಕೈಲಿ ಬಿಡಿಗಾಸಿಲ್ಲ, ಎರಡನೇ ಚರಣಕ್ಕೆ ಬೈಕು, ಹಾಡು ಮುಗಿಯೋಷ್ಟ್ರಲ್ಲಿ ಕಂಪನಿ ಓನರ್ರು. ಹತ್ತು ವರ್ಷದ ದುಡಿಮೆನ 4 ನಿಮಿಷದಲ್ಲಿ ನೋಡಿ ನೋಡಿ, ಕೆಲ್ಸಕ್ಕೆ ಸೇರಿ 6 ತಿಂಗಳಿಗೇ ಲೈಫಲ್ಲಿ ಏನೂ ಆಗ್ತಿಲ್ಲ ಅಂತ ಗೋಳಾಡ್ತೀವಿ (ನಾನೂ ಸೇರಿ)

ದೊಡ್ಡಪ್ಪ: ಅಂದ್ರೆ ಹಾಳು ಮಾಡುತ್ತೆ ಅಂತ ನೀನೇ ಒಪ್ಕೊಂಡ ಹಾಗಾಯ್ತು.

ನಾನು: ಅರ್ಧ ಒಪ್ದೆ, ಇನ್ನರ್ಧ ಕೇಳಿ. ಉಗಾಂಡಾದ ಚೆಸ್ ಆಟಗಾರ್ತಿ ಫಿಯೋನಾ ಮುತೇಸಿ ಬಗ್ಗೆ 2016ರಲ್ಲಿ ಕ್ವೀನ್ ಆಫ್ ಕಟ್ವೆ ಅಂತ ಸಿನಿಮಾ ಬಂತು, ಸ್ಲಂ ಹುಡುಗಿ. ಅಲ್ಲಿಯ ಸ್ಕೂಲ್ ಮಕ್ಕಳಲ್ಲಿ ಕೆಲವರಿಗೆ ಪಬ್ಲಿಕ್ ಎಕ್ಸಾಮಿಗೆ ಮುಂಚೆ ಇದನ್ನ ತೋರ್ಸಿದ್ರು, ಇನ್ನು ಕೆಲವರಿಗೆ ಬೇರೆ ಯಾವ್ದೋ ಫ್ಯಾಂಟಸಿ ಸಿನಿಮಾ. ಇದನ್ನ ನೋಡಿದವ್ರಲ್ಲಿ ಒಂದು ವಾರದ ನಂತರದ ಮ್ಯಾಥ್ಸ್ ಎಕ್ಸಾಮಲ್ಲಿ ಫೇಲ್ ಆದವ್ರು ಕಮ್ಮಿ, ಅದ್ರಲ್ಲೂ ಹುಡುಗೀರಿಗೆ ಜಾಸ್ತಿ ಅನುಕೂಲ ಆಯ್ತು. ಆ ಸಿನಿಮಾದಲ್ಲಿ ಅವ್ಳು ಸೋಲ್ತಾಳೆ, ಅಳ್ತಾಳೆ, ವಾಪಸ್ ಬಂದು ಮತ್ತೆ ಬೋರ್ಡ್ ಮುಂದೆ ಕೂರ್ತಾಳೆ, ಒಂದೇ ಹಾಡಲ್ಲಿ ಚಾಂಪಿಯನ್ ಆಗಲ್ಲ

ತಮ್ಮ: ಎಕ್ಸಾಮ್ ಮುಂಚೆ ಸಿನಿಮಾ ನೋಡ್ಬೋದು ಅಂತಾಯ್ತು. ಈ ಮೆಸೇಜನ್ನೂ ಸ್ಕ್ರೀನ್‌ಶಾಟ್ ತಗೊಂಡೆ 😎

ಅತ್ತೆ: ಅಣ್ಣ, ನೀನು ಲಾ ಓದೋಕೆ ಹೋಗಿದ್ದು ಯಾಕೆ ಅಂತ ಹೇಳು ಇವ್ರಿಗೆ

ದೊಡ್ಡಪ್ಪ: ಅದೆಲ್ಲ ಯಾಕೀಗ.

ಅತ್ತೆ: ಹೇಳ್ತೀಯೋ ನಾನೇ ಹೇಳ್ಲೋ

ದೊಡ್ಡಪ್ಪ: ಸಿನಿಮಾ ಕೋರ್ಟ್ ಸೀನ್ ನೋಡಿನೇ ಹೋಗಿದ್ದು, ಸರಿನಾ? ಟೇಬಲ್ ಕುಟ್ಟಿ ಅಬ್ಜೆಕ್ಷನ್ ಅನ್ಬೇಕು ಅಂತ ಆಸೆ. ಮೊದಲ್ನೇ ವರ್ಷ ಪೂರ್ತಿ ಸೀನಿಯರ್ ಫೈಲ್ ಹೊತ್ಕೊಂಡು ಹಿಂದೆ ನಿಂತು ಮುಂದಿನ ಡೇಟ್ ಬರ್ಕೊಂಡಿದ್ದೇ ಬಂತು.