ಮುಖ್ಯರಸ್ತೆಯ ವಾಹನಗಳು ಬಡಾವಣೆಯ ಒಳರಸ್ತೆಗೆ ನುಗ್ಗುತ್ತಿವೆ: ಉಬ್ಬು ಹಾಕಿಸಿದರೆ ಸಾಕೇ?

ಪ್ರಶ್ನೆ: ಮೂಲೆಮನೆ

ನಮ್ಮ ಬಡಾವಣೆಯ ಎರಡು ಬದಿಗಳಲ್ಲಿ ಎರಡು ಮುಖ್ಯರಸ್ತೆಗಳಿವೆ. ಅವು ಕೂಡುವ ಸಿಗ್ನಲ್‌ನಲ್ಲಿ ಬೆಳಿಗ್ಗೆ ಮತ್ತು ಸಂಜೆ ವಾಹನಗಳ ಸಾಲು ಬಹಳ ಉದ್ದಕ್ಕೆ ಬೆಳೆಯುತ್ತದೆ. ಆ ಸಾಲನ್ನು ತಪ್ಪಿಸಿಕೊಳ್ಳಲು ಕಚೇರಿಗೆ ಹೋಗುವವರು ನಮ್ಮ ಮನೆಗಳ ಮುಂದಿನ ಒಳರಸ್ತೆಯನ್ನು ಹಿಡಿದು ಇನ್ನೊಂದು ಮುಖ್ಯರಸ್ತೆಗೆ ಹೊರಬೀಳುತ್ತಾರೆ. ಹಿಂದೆ ದಾರಿ ಬಲ್ಲ ಕೆಲವರಷ್ಟೇ ಹೀಗೆ ಬರುತ್ತಿದ್ದರು. ಈಗ ಮೊಬೈಲಿನ ನಕ್ಷೆಯೇ ಎಲ್ಲರನ್ನೂ ಇತ್ತ ತಿರುಗಿಸುತ್ತಿದೆ. ರಸ್ತೆಯ ಎರಡೂ ಅಂಚಿನಲ್ಲಿ ಕಾರುಗಳು ನಿಂತಿರುವುದರಿಂದ ನಡುವೆ ಒಂದೇ ವಾಹನಕ್ಕೆ ಜಾಗ ಉಳಿಯುತ್ತದೆ. ಎದುರುಬದುರಾದವರು ಹಿಂದೆ ಸರಿಯಲೊಪ್ಪದೆ ಹಾರ್ನ್ ಒತ್ತುತ್ತ ನಿಂತರೆ, ಅವರ ಹಿಂದಿನ ಬೈಕುಗಳು ಕಾಲುದಾರಿಯ ಮೇಲೆ ಹತ್ತುತ್ತವೆ. ಮಕ್ಕಳು ಶಾಲೆಯ ಚೀಲ ಹೊತ್ತು ಗೇಟು ದಾಟುವುದು ಸರಿಯಾಗಿ ಅದೇ ಹೊತ್ತಿಗೆ.

ನಿವಾಸಿಗಳ ಸಂಘದಲ್ಲಿ ಒಮ್ಮತವಿಲ್ಲ. ಅಲ್ಲಲ್ಲಿ ಉಬ್ಬು ಹಾಕಿಸೋಣ ಎನ್ನುವವರು ಹೆಚ್ಚು. ಏಕಮುಖ ಸಂಚಾರ ಮಾಡಿಸೋಣ ಎನ್ನುವವರೂ ಇದ್ದಾರೆ. ಎರಡೂ ತುದಿಗೆ ಗೇಟು ಹಾಕಿ ಹೊರಗಿನವರನ್ನು ತಡೆದುಬಿಡೋಣ ಎನ್ನುವಷ್ಟು ಬೇಸತ್ತವರೂ ಇದ್ದಾರೆ. ನಗರಾಡಳಿತಕ್ಕೆ ಮನವಿ ಕೊಡುವ ಮೊದಲು ನಾವು ಕೇಳಬೇಕಾದದ್ದು ನಿಜವಾಗಿ ಏನು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಪಥವಿನ್ಯಾಸ

ಸಂಚಾರ ಯೋಜನೆಯ ಕೆಲಸದಲ್ಲಿ ಬಹುಕಾಲ ಇದ್ದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ತಾವು ಹೇಳಿದ್ದರಲ್ಲಿ ಎರಡು ಸಮಸ್ಯೆಗಳು ಬೆರೆತಿವೆ: ವಾಹನಗಳು ಬರುವ ವೇಗ ಮತ್ತು ಅವುಗಳ ಸಂಖ್ಯೆ. ಉಬ್ಬು ಮೊದಲನೆಯದಕ್ಕೆ ಮದ್ದೇ ಹೊರತು ಎರಡನೆಯದಕ್ಕಲ್ಲ.

ವೇಗವನ್ನು ಕಡೆಗಣಿಸಬೇಕೆಂದು ನಾನು ಹೇಳುತ್ತಿಲ್ಲ. ಅಪಾಯ ಕಂಡ ಚಾಲಕ ಬ್ರೇಕ್ ಒತ್ತಲು ಒಂದು ಸೆಕೆಂಡು ತೆಗೆದುಕೊಳ್ಳುತ್ತಾನೆಂದು ಇಟ್ಟುಕೊಂಡರೆ, ಒಣ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ಕಾರು ಸುಮಾರು 13 ಮೀಟರಿನೊಳಗೆ ನಿಲ್ಲುತ್ತದೆ; 50 ಕಿ.ಮೀ. ವೇಗದ ಕಾರಿಗೆ ಸುಮಾರು 28 ಮೀಟರ್ ಬೇಕು. ಮೊದಲನೆಯ ಕಾರು ಪೂರ್ತಿ ನಿಂತಿರುವ ಜಾಗದಲ್ಲಿ ಎರಡನೆಯದರ ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ. ಆದರೆ ತಮ್ಮ ರಸ್ತೆಯಲ್ಲಿ ದಟ್ಟಣೆಯ ಹೊತ್ತಿನಲ್ಲಿ ವಾಹನಗಳು ತೆವಳುತ್ತಿವೆ, ಓಡುತ್ತಿಲ್ಲ. ಆಗ ಉಬ್ಬು ಹಾಕಿದರೆ ಪ್ರತಿ ವಾಹನವೂ ಅದರ ಮುಂದೆ ನಿಧಾನಿಸಿ, ದಾಟಿದ ಕೂಡಲೇ ಎಂಜಿನ್ ಏರಿಸುವ ಸದ್ದು ಉಬ್ಬಿನ ಎದುರಿನ ಮನೆಯವರ ಪಾಲಿಗೆ ಹೊಸದಾಗಿ ಸೇರುತ್ತದೆ. ಮುಖ್ಯರಸ್ತೆಯ ಸಾಲಿನಲ್ಲಿ ಕಳೆಯುವ ಸಮಯಕ್ಕಿಂತ ಉಬ್ಬುಗಳಲ್ಲಿ ಕಳೆಯುವ ಸಮಯ ಕಡಿಮೆ ಇರುವವರೆಗೂ ಜನ ಬಂದೇ ಬರುತ್ತಾರೆ.

ಇಡೀ ರಸ್ತೆಯನ್ನು ಒಂದೇ ದಿಕ್ಕಿಗೆ ಏಕಮುಖ ಮಾಡುವುದು ಇದಕ್ಕಿಂತ ಕೆಟ್ಟದ್ದಾಗಬಹುದು. ಎದುರಿನಿಂದ ಯಾರೂ ಬರುವುದಿಲ್ಲವೆಂಬ ಧೈರ್ಯ ಬಂದೊಡನೆ ವೇಗ ಏರುತ್ತದೆ, ಅಡ್ಡದಾರಿ ಇನ್ನಷ್ಟು ಸಲೀಸಾಗುತ್ತದೆ. ಅದರ ಬದಲು ರಸ್ತೆಯ ಉದ್ದದಲ್ಲಿ ಅರ್ಧವನ್ನು ಒಂದು ದಿಕ್ಕಿಗೂ ಉಳಿದರ್ಧವನ್ನು ಅದರ ವಿರುದ್ಧ ದಿಕ್ಕಿಗೂ ಏಕಮುಖ ಮಾಡಿದರೆ, ಪ್ರತಿ ಮನೆಗೂ ಯಾವುದಾದರೊಂದು ಕಡೆಯಿಂದ ತಲುಪಬಹುದು, ಆದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಹಾಯಲಾಗದು. ನಾಲ್ಕು ರಸ್ತೆ ಕೂಡುವ ಒಳಗಿನ ವೃತ್ತವೊಂದಿದ್ದರೆ, ಅದರ ನಡುವೆ ಕರ್ಣರೇಖೆಯಂತೆ ಕಂಬಗಳ ಸಾಲು ನೆಟ್ಟು ಎರಡು ತಿರುವುಗಳನ್ನಾಗಿ ಒಡೆಯುವುದು ನನಗೆ ಹೆಚ್ಚು ಇಷ್ಟವಾದ ಉಪಾಯ, ಏಕೆಂದರೆ ಅದಕ್ಕೆ ಕಾವಲುಗಾರ ಬೇಡ, ದಂಡವೂ ಬೇಡ. ನಡೆಯುವವರು ಮತ್ತು ಸೈಕಲ್ಲಿನವರು ಕಂಬಗಳ ನಡುವೆ ಹಾದುಹೋಗುತ್ತಾರೆ. ಕಾರು ತಿರುಗಿ ಬಂದ ಕಡೆಗೇ ಹೋಗಬೇಕಾಗುತ್ತದೆ. ಬೈಕುಗಳನ್ನೂ ತಡೆಯಬೇಕೆಂದರೆ ಕಂಬಗಳ ಅಂತರದ ಬಗ್ಗೆ ಪ್ರತ್ಯೇಕವಾಗಿಯೇ ಯೋಚಿಸಬೇಕು, ಅದು ಸುಲಭವಲ್ಲ.

ಇದೇನೂ ಹೊಸ ವಿಚಾರವಲ್ಲ. ನೆದರ್‌ಲೆಂಡ್ಸ್‌ನ ಗ್ರೋನಿಂಗನ್ ನಗರ 1977ರಲ್ಲೇ ತನ್ನ ಕೇಂದ್ರಭಾಗವನ್ನು ನಾಲ್ಕು ವಲಯಗಳಾಗಿ ಹಂಚಿ, ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗುವವರು ಹೊರವರ್ತುಲ ರಸ್ತೆಗೆ ಬಂದೇ ಹೋಗಬೇಕೆಂದು ಮಾಡಿತು. ಬೆಲ್ಜಿಯಂನ ಗೆಂಟ್ ನಗರ 2017ರಲ್ಲಿ ಅದೇ ತತ್ವವನ್ನು ಅಳವಡಿಸಿಕೊಂಡಿತು.

ಮನವಿಗೆ ಮೊದಲು ಮಾಡಬೇಕಾದ ಕೆಲಸವೊಂದಿದೆ. ವಾಹನ ಎಣಿಸಿದರೆ ಸಾಲದು; ಅವುಗಳಲ್ಲಿ ಹಾದುಹೋಗುವವು ಎಷ್ಟು, ತಮ್ಮ ಬಡಾವಣೆಯವೇ ಎಷ್ಟು ಎಂದು ತಿಳಿಯಬೇಕು. ರಸ್ತೆಯ ಎರಡು ತುದಿಯಲ್ಲಿ ಒಬ್ಬೊಬ್ಬರು ಕುಳಿತು, ಒಳಬರುವ ಮತ್ತು ಹೊರಹೋಗುವ ವಾಹನಗಳ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಸಮಯದೊಡನೆ ಬರೆದುಕೊಳ್ಳಲಿ. ಇಲ್ಲಿ ಒಳಬಂದ ಸಂಖ್ಯೆ ಕೆಲವೇ ನಿಮಿಷಗಳಲ್ಲಿ ಅಲ್ಲಿ ಹೊರಬಿದ್ದರೆ ಅದು ಹಾದುಹೋದ ವಾಹನವೇ ಸರಿ. ರಜೆ, ಪರೀಕ್ಷೆ ಇಲ್ಲದ ಸಾಧಾರಣ ಕೆಲಸದ ದಿನಗಳಲ್ಲಿ ಇದನ್ನು ಮಾಡಿ. ಇಂಥ ಎಣಿಕೆಯಲ್ಲಿ ದೂರು ಹೇಳುವವರ ಕಾರುಗಳೇ ನಿರೀಕ್ಷೆಗಿಂತ ಹೆಚ್ಚು ಕಾಣಿಸಿಕೊಂಡದ್ದನ್ನು ನೋಡಿದ್ದೇನೆ.

ಉತ್ತರ: ಎಂಟೂವರೆಯ ಸವಾರ

ತಾವು ದೂರುತ್ತಿರುವ ಜನರಲ್ಲಿ ನಾನೂ ಒಬ್ಬ, ಬೇರೊಂದು ಬಡಾವಣೆಯಲ್ಲಿ. ಅಡ್ಡದಾರಿ ಹಿಡಿಯುವವರಿಗೆ ನಿವಾಸಿಗಳ ಮೇಲೆ ಹಗೆಯೇನಿಲ್ಲ. ಸಿಗ್ನಲ್‌ನಲ್ಲಿ ಹಸಿರು ಬಂದರೂ ಮುಂದಿನ ವಾಹನ ಕದಲುವುದಿಲ್ಲವೆಂಬ ಹತಾಶೆಯೇ ನಮ್ಮನ್ನು ಒಳಗೆ ತಿರುಗಿಸುತ್ತದೆ. ಬಹಳ ಕಡೆ ಅದಕ್ಕೆ ಕಾರಣ ಸಣ್ಣದು: ಎದುರಿನ ಸಾಲನ್ನು ದಾಟಿ ತಿರುಗಬೇಕಾದವರಿಗೆ ಪ್ರತ್ಯೇಕ ಪಥವಿರುವುದಿಲ್ಲ, ಅವರು ಕಾಯುತ್ತ ನಿಂತಾಗ ನೇರ ಹೋಗುವವರೂ ಹಿಂದೆ ಸಿಕ್ಕಿಕೊಳ್ಳುತ್ತಾರೆ. ಮನವಿಯಲ್ಲಿ ಸಿಗ್ನಲ್ಲಿನ ಸಮಯವನ್ನೂ ತಿರುವಿನ ಪಥವನ್ನೂ ಸರಿಪಡಿಸಿ ಎಂದು ಸೇರಿಸಿ. ಅದನ್ನು ಬಿಟ್ಟು ಒಳರಸ್ತೆಯನ್ನು ಮಾತ್ರ ಮುಚ್ಚಿದರೆ ಆ ಸಾಲಿನಲ್ಲಿ ಬಸ್ಸುಗಳೂ ಕಾಯುತ್ತವೆ.

ಗೇಟಿನ ವಿಚಾರವನ್ನು ನಾನು ಒಪ್ಪಲಾರೆ. ರಸ್ತೆ ಸಾರ್ವಜನಿಕರದ್ದು, ಇಲ್ಲಿ ಮನೆ ಇದ್ದವರಿಗೆ ಒಂದು ನ್ಯಾಯ, ಇಲ್ಲದವರಿಗೆ ಇನ್ನೊಂದು ಎನ್ನುವುದು ನಿಲ್ಲುವ ಮಾತಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಲಿಯೋನಿಯಾ ಎಂಬ ಪುಟ್ಟ ಪಟ್ಟಣ, ನ್ಯೂಯಾರ್ಕಿಗೆ ಹೋಗುವ ಸೇತುವೆಯ ದಟ್ಟಣೆ ತನ್ನ ಬೀದಿಗಳಿಗೆ ಹರಿಯುತ್ತಿದೆಯೆಂದು 2018ರ ಜನವರಿಯಲ್ಲಿ ದಟ್ಟಣೆಯ ವೇಳೆ ಹೊರಗಿನವರ ಪ್ರವೇಶವನ್ನೇ ನಿಷೇಧಿಸಿ, ನಿವಾಸಿಗಳ ಕಾರಿಗೆ ಗುರುತಿನ ಚೀಟಿ ಹಂಚಿತು. ಅದೇ ವರ್ಷ ನ್ಯಾಯಾಲಯ ಆ ನಿಷೇಧವನ್ನು ತಳ್ಳಿಹಾಕಿತು. ಎಲ್ಲರನ್ನೂ ಸಮಾನವಾಗಿ ತಡೆಯುವ ಕಂಬಕ್ಕೆ ನಾನು ತಲೆಬಾಗುತ್ತೇನೆ. ‘ನಿವಾಸಿಗಳಿಗೆ ಮಾತ್ರ’ ಎಂಬ ಫಲಕಕ್ಕೆ, ನಿಜ ಹೇಳಬೇಕೆಂದರೆ, ತಲೆಬಾಗುವುದಿಲ್ಲ.

ಉತ್ತರ: ಪಕ್ಕದ ಬೀದಿ

ಇಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆಯೊಂದಿದೆ: ಆ ವಾಹನಗಳು ನಂತರ ಎಲ್ಲಿಗೆ ಹೋಗುತ್ತವೆ? ನಮ್ಮ ಹಿಂದಿನ ಬೀದಿಯವರು ಪ್ರಭಾವ ಬಳಸಿ ತಮ್ಮ ರಸ್ತೆಯನ್ನು ಮುಚ್ಚಿಸಿಕೊಂಡ ಮೇಲೆ ಅವರ ಬೀದಿಯ ಗದ್ದಲವೆಲ್ಲ ನಮ್ಮ ಬೀದಿಗೆ ಬಂತು. ಈಗ ನಾವು ಅರ್ಜಿ ಹಿಡಿದು ಅಲೆಯುತ್ತಿದ್ದೇವೆ. ಒಂದು ರಸ್ತೆಗಾಗಿ ಮನವಿ ಕೊಡಬೇಡಿ. ಎರಡು ಮುಖ್ಯರಸ್ತೆಗಳ ನಡುವಿನ ಎಲ್ಲ ಸಮಾನಾಂತರ ಬೀದಿಗಳನ್ನೂ ಒಂದೇ ಯೋಜನೆಯಲ್ಲಿ ಸೇರಿಸಿ ಎಂದು ಕೇಳಿ. ಮುಖ್ಯರಸ್ತೆಯ ಬದಿಯಲ್ಲಿಯೂ ಮನೆಗಳಿವೆ, ಅಲ್ಲಿ ಹೆಚ್ಚಾಗಿ ಬಾಡಿಗೆಯವರೇ ಇರುವುದರಿಂದ ಅವರ ದನಿ ಸಂಘದ ಸಭೆಗೆ ಮುಟ್ಟುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಿ.

ಹಾಗೆಂದು ತಮ್ಮ ಅಳಲು ಸಣ್ಣದೆಂದಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಮೂರು ಬೀದಿಗಳನ್ನು ಹೋಲಿಸಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕಾರರು ನಡೆಸಿದ ಅಧ್ಯಯನ ಪ್ರಸಿದ್ಧವಾದುದು. ದಿನಕ್ಕೆ ಸುಮಾರು 2,000 ವಾಹನ ಓಡಾಡುವ ಬೀದಿಯ ನಿವಾಸಿಗೆ ಅದೇ ಬೀದಿಯಲ್ಲಿ ಸರಾಸರಿ 3 ಮಂದಿ ಸ್ನೇಹಿತರಿದ್ದರೆ, ಸುಮಾರು 16,000 ವಾಹನದ ಬೀದಿಯಲ್ಲಿ ಅದು ಒಂದಕ್ಕೂ ಕಡಿಮೆಯಾಗಿತ್ತು. ರಸ್ತೆಯ ಸಹವಾಸವೇ ಬೇಡವೆಂದು ಜನ ಮುಂಬದಿಯ ಕೋಣೆಗಳನ್ನು ಬಿಟ್ಟು ಹಿಂಬದಿಗೆ ಸರಿಯುತ್ತಾರೆ. ನಮ್ಮ ಬೀದಿಯಲ್ಲಿ ಈಗಾಗಲೇ ಹಾಗಾಗಿದೆ. ಜಗಲಿಯ ಕುರ್ಚಿಗಳು ಒಳಗೆ ಹೋಗಿವೆ.

ಮೂಲೆಮನೆ

ಎಲ್ಲರಿಗೂ ಕೃತಜ್ಞತೆಗಳು. ಕಂಬಗಳ ಸಲಹೆಯನ್ನು ಸಂಘದ ಮುಂದಿಟ್ಟಾಗ ಹಿರಿಯರೊಬ್ಬರು ತಕ್ಷಣ ಕೇಳಿದ್ದು ಹೀಗೆ: ರಾತ್ರಿ ಆಂಬುಲೆನ್ಸ್ ಕರೆಸಬೇಕಾಗಿ ಬಂದರೆ, ಅಥವಾ ಬೆಂಕಿ ಹತ್ತಿಕೊಂಡರೆ, ಕಂಬದ ಆಚೆ ನಿಂತ ಗಾಡಿ ಏನು ಮಾಡಬೇಕು? ಕಸದ ಲಾರಿಯ ಪ್ರಶ್ನೆಯೂ ಬಂತು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ: ಪಥವಿನ್ಯಾಸ

ಆ ಹಿರಿಯರ ಪ್ರಶ್ನೆ ನ್ಯಾಯವಾದದ್ದು. ನಡುವಿನ ಒಂದೆರಡು ಕಂಬಗಳನ್ನು ಬೀಗ ತೆಗೆದು ಮಲಗಿಸುವಂತೆ ಮಾಡಿ, ಕೀಲಿಯನ್ನು ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸೇವೆಗೆ ಮೊದಲೇ ಕೊಡುವುದು ವಾಡಿಕೆ. ಅದಕ್ಕಿಂತ ಮುಖ್ಯವಾಗಿ ಕಂಬ ನೆಡುವ ಜಾಗವನ್ನು ಆ ಇಲಾಖೆಯವರನ್ನು ಕರೆಸಿಯೇ ಗುರುತಿಸಬೇಕು, ಮನೆ ಯಾವ ಬದಿಯಲ್ಲಿದೆ, ಯಾವ ಮುಖ್ಯರಸ್ತೆಯಿಂದ ಪ್ರವೇಶ ಎಂಬ ಪಟ್ಟಿ ಅವರ ಬಳಿ ಇರಬೇಕು. ಈಗ ದಟ್ಟಣೆಯ ಹೊತ್ತಿನಲ್ಲಿ ಎರಡು ಕಾರುಗಳು ಎದುರುಬದುರು ಸಿಕ್ಕಿಕೊಂಡಿರುವ ರಸ್ತೆಯಲ್ಲಿ ಆಂಬುಲೆನ್ಸ್ ಎಷ್ಟು ಬೇಗ ಬರುತ್ತಿದೆ ಎಂದೂ ಸಭೆಯಲ್ಲಿ ಕೇಳಿ. ಕಸದ ಲಾರಿ ಸುಲಭ: ಅದು ಎರಡೂ ಕಡೆಯಿಂದ ಪ್ರತ್ಯೇಕವಾಗಿ ಬರಬೇಕು, ತಿರುಗಲು ಜಾಗ ಬಿಡಬೇಕು.

ಮೊದಲೇ ಕಾಂಕ್ರೀಟು ಸುರಿಯಬೇಡಿ. ಮಣ್ಣು ತುಂಬಿದ ದೊಡ್ಡ ಕುಂಡಗಳನ್ನಿಟ್ಟು ಕೆಲವು ತಿಂಗಳು ಪರೀಕ್ಷಿಸಲು ಅನುಮತಿ ಕೇಳಿ. ಮೊದಲ ವಾರಗಳ ಗೊಂದಲವನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ, ಹಳೆಯ ಅಭ್ಯಾಸದಿಂದ ಬಂದವರು ಕುಂಡದ ಮುಂದೆ ನಿಂತು ಬೈದುಕೊಂಡು ಹಿಂತಿರುಗುವ ಕಾಲವದು. ನಕ್ಷೆಯ ಆ್ಯಪ್‌ಗಳಲ್ಲಿ ರಸ್ತೆ ಮುಚ್ಚಿರುವುದನ್ನು ಅದೇ ದಿನ ವರದಿ ಮಾಡಿ. ಬದಲಾವಣೆ ನಕ್ಷೆಯೊಳಗೆ ಸೇರುವವರೆಗೂ ಅವು ಜನರನ್ನು ಕುಂಡದವರೆಗೆ ಕರೆತರುತ್ತಲೇ ಇರುತ್ತವೆ. ಪರೀಕ್ಷೆಯ ಮುಂಚೆ ಮತ್ತು ನಂತರದ ಎಣಿಕೆಯನ್ನು ‘ಪಕ್ಕದ ಬೀದಿ’ಯವರು ಹೇಳಿದಂತೆ ಅಕ್ಕಪಕ್ಕದ ಬೀದಿಗಳಲ್ಲೂ ಮುಖ್ಯರಸ್ತೆಯಲ್ಲೂ ಮಾಡಿ, ಮತ್ತು ಆ ಬೀದಿಗಳ ಪ್ರತಿನಿಧಿಗಳ ಸಹಿ ಇಲ್ಲದೆ ಮನವಿಯನ್ನು ಕಳುಹಿಸಬೇಡಿ.