ಕಮಾನು ಎಳೆದರೆ ಗರಗರ, ಮೂರು ದಿನದಿಂದ ತಲೆ ಕೆಟ್ಟಿದೆ

ಹಲಸೂರು_ಷಡ್ಜ: ಹೋದ ವಾರದವರೆಗೂ ಚೆನ್ನಾಗಿತ್ತು. ಈಗ ಮುಖ್ಯ ತಂತಿಯಲ್ಲಿ ಪಂಚಮ ದಾಟಿದರೆ ಸಾಕು, ಗರಗರ. ತಂತಿ ಬದಲಿಸಿದೆ, ಶ್ರುತಿ ಹತ್ತು ಸಲ ಕೂಡಿಸಿದೆ. ಭಾನುವಾರ ನುಡಿಸಬೇಕು. ಯಾರಾದರೂ ಹೇಳಿ.

ಜಯನಗರ_ಪಿಟೀಲು: ಕಮಾನಿಗೆ ಹಚ್ಚುವ ರಾಳ ನೋಡಿ. ಹೆಚ್ಚಾದರೆ ಕರಕರ, ಕಮ್ಮಿಯಾದರೆ ಕಮಾನು ಜಾರುತ್ತೆ. ತಂತಿ ಮೇಲಿನ ಬಿಳಿ ಪುಡಿ ಒಣಬಟ್ಟೆಯಲ್ಲಿ ಒರೆಸಿ.

ಹಲಸೂರು_ಷಡ್ಜ: ಒರೆಸಿದೆ. ಹಾಗೇ ಇದೆ.

ಜಯನಗರ_ಪಿಟೀಲು: ಹಾಗಾದರೆ ರಾಳವೇ ಹಳೇದು. ಕಪ್ಪು ರಾಳ ತಗೊಳ್ಳಿ.

ಬಿರಡೆ_ಬಸವನಗುಡಿ: ಕಪ್ಪು ರಾಳ ಅಂಟು ಜಾಸ್ತಿ, ತಿಳಿ ಬಣ್ಣದ್ದೇ ಒಳ್ಳೇದು. ಪಿಟೀಲಿನೊಳಗಿನ ಮರದ ಕಡ್ಡಿ (ಸೌಂಡ್ ಪೋಸ್ಟ್) ಸರಿದಿರಬಹುದು, ಎಫ್ ಆಕಾರದ ರಂಧ್ರದೊಳಗೆ ಟಾರ್ಚ್ ಬಿಟ್ಟು ನೋಡಿ.

ಜಯನಗರ_ಪಿಟೀಲು: ನಾನು ಇಪ್ಪತ್ತು ವರ್ಷದಿಂದ ಕಪ್ಪು ರಾಳದಲ್ಲೇ ನುಡಿಸ್ತಿದ್ದೀನಿ. ಮೈಸೂರು ಚೌಡಯ್ಯನವರ ದಾರಿಯಲ್ಲಿ ಏಳು ತಂತಿಯ ಪಿಟೀಲೂ ಮಾಡಿಸಿದ್ದೀನಿ, ಆ ನಾದದ ತೂಕವೇ ಬೇರೆ. ಫೋಟೋ ಹಾಕ್ತೀನಿ.

ಹಲಸೂರು_ಷಡ್ಜ: ಎಫ್ ರಂಧ್ರ ಎಲ್ಲಿಂದ ಬರಬೇಕು ಸಾರ್? ಇದು ಪಿಟೀಲಲ್ಲ, ದಿಲ್ರುಬಾ, ಉತ್ತರದ ಕಮಾನು ವಾದ್ಯ.

ಬಿರಡೆ_ಬಸವನಗುಡಿ: ಮೊದಲೇ ಹೇಳಬಾರದಿತ್ತಾ! ಇಸ್ರಾಜ್ ತಾನೇ ಅದು?

ತರಬ್_ತಂತಿ: ಅಲ್ಲ. ಕತ್ತು ಒಂದೇ ಥರ, ದಿಲ್ರುಬಾದ ಹೊಟ್ಟೆ ಸಾರಂಗಿಯ ಹಾಗೆ ಚೌಕ. ಷಡ್ಜ ಅವರೇ, ವಾದ್ಯ ಎಲ್ಲಿಟ್ಟಿದ್ದೀರಿ?

ಹಲಸೂರು_ಷಡ್ಜ: ಕಿಟಕಿ ಪಕ್ಕ. ವಾರದಿಂದ ಮಳೆ, ಗೋಡೆಯೂ ತೇವ. ಅದಕ್ಕೂ ಇದಕ್ಕೂ ಏನು ಸಂಬಂಧ? ಕೆರೆ ಪಕ್ಕದ ಗುರುದ್ವಾರದಲ್ಲಿ ಕೀರ್ತನೆ ಕೇಳಿ, ಆಸೆಪಟ್ಟು ಕೊಂಡ ವಾದ್ಯ ಇದು.

ತರಬ್_ತಂತಿ: ಪೂರ್ತಿ ಸಂಬಂಧ ಇದೆ. ಪಿಟೀಲಿನ ಕುದುರೆ (ತಂತಿ ಹೊರುವ ಪಟ್ಟಿ) ಮರದ ಮೇಲೆ ನಿಲ್ಲುತ್ತೆ, ನಿಮ್ಮದು ಚರ್ಮದ ಮೇಲೆ. ತೇವ ಕುಡಿದ ಚರ್ಮ ಸಡಿಲವಾಗಿ ಕುದುರೆ ತಗ್ಗುತ್ತೆ, ಜೊತೆಗೆ ತಂತಿಯೂ ಇಳಿದು ಕತ್ತಿನ ಮೇಲಿನ ಮುಂದಿನ ಲೋಹದ ಮೆಟ್ಟಿಲಿಗೆ ಬಡಿಯುತ್ತೆ. ಬೆರಳಿಟ್ಟ ಜಾಗದ ಮುಂದಿನ ಮೆಟ್ಟಿಲಿಗೂ ತಂತಿಗೂ ನಡುವೆ ತೆಳು ಕಾಗದ ತೂರಿಸಿ ನೋಡಿ. ಒಲೆ, ಹೇರ್ ಡ್ರೈಯರ್ ಹತ್ತಿರ ಮಾತ್ರ ಒಯ್ಯಬೇಡಿ, ಚರ್ಮ ಬಿರಿಯುತ್ತೆ. ತಂತಿ ಸ್ವಲ್ಪ ಇಳಿಸಿ, ಸಿಲಿಕಾ ಜೆಲ್ ಚೀಟಿ ಹಾಕಿ ಪೆಟ್ಟಿಗೆಯಲ್ಲಿ ಮುಚ್ಚಿಡಿ.

ಜಯನಗರ_ಪಿಟೀಲು: ಆದರೂ ರಾಳ ಒಮ್ಮೆ ಬದಲಿಸಿ ನೋಡಿ.

ಹಲಸೂರು_ಷಡ್ಜ: ಕಾಗದ ತೂರಲೇ ಇಲ್ಲ! ಎರಡು ರಾತ್ರಿ ಪೆಟ್ಟಿಗೆಯಲ್ಲಿಟ್ಟೆ, ಈಗ ತೂರುತ್ತೆ. ಮುಕ್ಕಾಲು ಪಾಲು ಸರಿಹೋಯ್ತು, ಕೈಮುಗಿದೆ. ತಾರ ಷಡ್ಜದಲ್ಲಿ ಮಾತ್ರ ಇನ್ನೂ ಸಣ್ಣಗೆ ಝುಂ ಅಂತಿದೆ.

ತರಬ್_ತಂತಿ: ತರಬ್‌ಗಳ (ಮುಖ್ಯ ತಂತಿಯ ಜೊತೆ ತಾವೇ ಮಿಡಿಯುವ ತಂತಿಗಳು) ಮೇಲೆ ಕರವಸ್ತ್ರ ಒತ್ತಿ ಹಿಡಿದು ಅದೇ ಸ್ವರ ನುಡಿಸಿ. ಸದ್ದು ನಿಂತರೆ ಅವುಗಳಲ್ಲೇ ಒಂದು ಸಡಿಲವಾಗಿದೆ.

ಬಿರಡೆ_ಬಸವನಗುಡಿ: ಪಿಟೀಲು ಅವರೇ, ಆ ಏಳು ತಂತಿಯ ಫೋಟೋ ಎಲ್ಲಿ?