ದುರ್ಗದಲ್ಲಿ ದಂಡಿತ್ತು ಸರಿ, ದಂಡಿನ ಚರ್ಚು ಇತ್ತೇ?

ಚಂದ್ರವಳ್ಳಿ: 1799ರಲ್ಲಿ ಟಿಪ್ಪು ಮಡಿದ ಮೇಲೆ ಚಿತ್ರದುರ್ಗಕ್ಕೆ ಕಂಪನಿ ಪಡೆ ಬಂದು ಕೂತಿತು. ಹರಿಹರದ ಹೊರಗಿನ ದಂಡಂತೂ 1865ರವರೆಗೆ ಇತ್ತು. ಬೆಂಗಳೂರು, ಬಳ್ಳಾರಿ ದಂಡುಗಳಲ್ಲಿ ಚರ್ಚು ಕಟ್ಟಿದವರು ಇಲ್ಲಿ ಮಾತ್ರ ಬಿಟ್ಟಾರೆಯೇ? ಇದ್ದು ಬಿದ್ದುಹೋಗಿರಬೇಕು ಅಂತ ನನ್ನ ವಾದ. ಇಲ್ಲ ಅನ್ನುವವರು ಕಾರಣ ಹೇಳಿ.

ತುಂಗಭದ್ರೆ: ದಂಡಿತ್ತು ಅಂದರೆ ಸಾಲದು ಸರ್, ಯಾರ ದಂಡು ಅನ್ನೋದು ನೋಡಬೇಕು. ದುರ್ಗದಲ್ಲಿದ್ದದ್ದು ಮದ್ರಾಸ್ ಸೈನ್ಯದ ಸಿಪಾಯಿ ಬೆಟಾಲಿಯನ್‌ಗಳು. 1809ರಲ್ಲಿ ಮದ್ರಾಸಿನ ಬಿಳಿ ಅಧಿಕಾರಿಗಳು ಗವರ್ನರ್ ಬಾರ್ಲೋ ವಿರುದ್ಧ ತಿರುಗಿಬಿದ್ದಾಗ, ಇಲ್ಲಿನ ಎರಡು ಬೆಟಾಲಿಯನ್ ಖಜಾನೆಗೆ ಕೈಹಾಕಿ ಶ್ರೀರಂಗಪಟ್ಟಣದ ದಾರಿ ಹಿಡಿದವು. ಪಟ್ಟಣದ ಹತ್ತಿರ ಮೈಸೂರು ಸವಾರರೂ ಬ್ರಿಟಿಷ್ ಕುದುರೆ ದಳವಾದ 25ನೇ ಡ್ರಾಗೂನ್ಸೂ ಮೇಲೆಬಿದ್ದು ಚದುರಿಸಿದರು. 1796ರ ಪುನರ್ರಚನೆ ಪ್ರಕಾರ ಎರಡು ಬೆಟಾಲಿಯನ್ ಸೇರಿದ ಒಂದು ರೆಜಿಮೆಂಟಿಗೆ ಯುರೋಪಿನ ಅಧಿಕಾರಿಗಳು ಕಾಗದದ ಮೇಲೇ ನಲವತ್ತು ಚಿಲ್ಲರೆ. ರಜೆ, ಕಾಯಿಲೆ, ಬೇರೆ ಡ್ಯೂಟಿ ಕಳೆದರೆ ಇನ್ನೂ ಕಮ್ಮಿ. ಅಷ್ಟು ಜನಕ್ಕೆ ಕಂಪನಿ ಪಾದ್ರಿಯನ್ನೂ ಕೊಡುತ್ತಿರಲಿಲ್ಲ, ಕಟ್ಟಡವನ್ನೂ ಕೊಡುತ್ತಿರಲಿಲ್ಲ. ಭಾನುವಾರ ಮೆಸ್ಸಿನಲ್ಲೋ ಕಮಾಂಡರ್ ಬಂಗಲೆಯಲ್ಲೋ ಒಬ್ಬ ಅಧಿಕಾರಿ ಪ್ರಾರ್ಥನೆ ಪುಸ್ತಕ ಓದಿದರೆ ಮುಗಿಯಿತು. ಹರಿಹರದ್ದೂ ದೇಶಿ ಕಾಲ್ದಳವೇ. ಬೆಂಗಳೂರು, ಬಳ್ಳಾರಿಯಲ್ಲಿ ಗೋರಾ ಪಡೆ, ಅಂದರೆ ಬಿಳಿ ಸೈನಿಕರ ಪಡೆ ಇತ್ತು, ಅದಕ್ಕೇ ಚರ್ಚು ಎದ್ದಿತು.

ಒನಕೆಕಿಂಡಿ: ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹರಿದಾಡುವ ಫೋಟೋ ಬಗ್ಗೆ ಏನಂತೀರಿ? ಹಳೇ ಬೆಂಚು, ಬೆನ್ನಿನ ಮೇಲ್ಪಟ್ಟಿಯಲ್ಲಿ ಅರ್ಧಚಂದ್ರದ ಕಚ್ಚು. ಬಂದೂಕು ಒರಗಿಸೋಕೆ ಅಂತ ಬರೆದಿದ್ದಾರೆ, 1805ರ ದುರ್ಗದ ಚರ್ಚಿನದಂತೆ.

ತುಂಗಭದ್ರೆ: ಆ ಕಚ್ಚು ದುರ್ಗದ ಪರ ಸಾಕ್ಷಿ ಹೇಳೋದಿಲ್ಲ, ವಿರುದ್ಧ ಹೇಳುತ್ತೆ. ಮೀರತ್ತಿನಲ್ಲಿ ದಂಗೆ ಎದ್ದದ್ದು 1857ರ ಮೇ 10, ಭಾನುವಾರ ಸಂಜೆ, ಗೋರಾ ಸೈನಿಕರು ಚರ್ಚ್ ಪರೇಡಿಗೆ ಸಜ್ಜಾಗುವ ಹೊತ್ತು. ಅದಾದ ಮೇಲೇ ಬಂದೂಕು, ಗುಂಡು ಸಮೇತ ಪ್ರಾರ್ಥನೆಗೆ ಹೋಗುವ ಪದ್ಧತಿ ಬಲವಾಯಿತು, ಬೆಂಚಿಗೆ ಕಚ್ಚು ಬಂತು. ಅಸಲಿಯಾದರೆ ಮೇಲೆ ನಳಿಗೆಗೆ ಕಚ್ಚು ಇದ್ದಂತೆ ಕೆಳಗೆ ಬುಡ ಜಾರದ ಹಾಗೆ ಒಂದು ಗುಳಿಯೋ ಪಟ್ಟಿಯೋ ಇರಬೇಕು, ಮತ್ತು ಒಬ್ಬೊಬ್ಬ ಕೂರುವ ಅಗಲಕ್ಕೆ ಒಂದೊಂದರಂತೆ ಸಮ ಅಂತರದಲ್ಲಿರಬೇಕು. ಬೆಂಚಿನ ತುದಿಗೆ ಒಂದೇ ಒಂದು ಇದ್ದರೆ ಅದು ಕೊಡೆ ಇಡೋ ಜಾಗ. ಕೊಡೆಗೂ ಕೋವಿಗೂ ವ್ಯತ್ಯಾಸ ಗೊತ್ತಿಲ್ಲದೆ ಇತಿಹಾಸ ಬರೀತಾರೆ, ಬಿಡಿ.

ಕಾಗದಪತ್ರ: 'ಪ್ರತಿಷ್ಠೆ 1805' ಅಂತಿದ್ದರೆ ಅಲ್ಲೂ ಅನುಮಾನ ಪಡಿ. ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಪಂಥದ) ಚರ್ಚನ್ನು ಪ್ರತಿಷ್ಠೆ ಮಾಡೋದು ಬಿಷಪ್. ಭಾರತಕ್ಕೆ ಮೊದಲ ಬಿಷಪ್ ಪೀಠ ಬಂದದ್ದು 1814ರಲ್ಲಿ, ಕಲ್ಕತ್ತಕ್ಕೆ. ಮದ್ರಾಸಿಗೆ 1835ರಲ್ಲಿ. ಬೆಂಗಳೂರಿನ ಸೇಂಟ್ ಮಾರ್ಕ್ಸ್ 1812ಕ್ಕೇ ಕಟ್ಟಿ ಮುಗಿದಿದ್ದರೂ ಪ್ರತಿಷ್ಠೆ ಆದದ್ದು 1816ರಲ್ಲಿ.

ಚಂದ್ರವಳ್ಳಿ: ಹಾಗಾದರೆ ಮದ್ರಾಸ್ ಕೋಟೆಯ ಸೇಂಟ್ ಮೇರಿಸ್ 1680ರಲ್ಲೇ ಹೇಗೆ ಪ್ರತಿಷ್ಠೆಯಾಯಿತು?

ಕಾಗದಪತ್ರ: ಒಳ್ಳೇ ಪ್ರಶ್ನೆ. ಲಂಡನ್ನಿನ ಬಿಷಪ್ ಅಧಿಕಾರಪತ್ರ ಕಳಿಸಿದ್ದರು, ಅದರ ಮೇಲೆ ಪಾದ್ರಿಯೇ ಮಾಡಿದರು. ಅಂಥ ಅನುಮತಿ ಕಂಪನಿಯ ಮುಖ್ಯ ಕೋಟೆಗೆ ಸಿಕ್ಕಿತು. ಬೆಟ್ಟದ ನಾಡಿನ ಸಿಪಾಯಿ ಠಾಣೆಗೆ ಯಾರು ತರಿಸಿಕೊಡ್ತಾರೆ?

ಒನಕೆಕಿಂಡಿ: ಸರಿ, ಕಟ್ಟಡ ಬೇಡ. ಇಂಗ್ಲಿಷ್ ಬರಹದ ಗೋರಿಕಲ್ಲು ಸಿಕ್ಕರೆ?

ಕಾಗದಪತ್ರ: ಗೋರಿಗೆ ಚರ್ಚು ಬೇಕಿಲ್ಲ, ಸ್ಮಶಾನ ಇದ್ದರೆ ಸಾಕು. ಮೇಲಾಗಿ ಕಲ್ಲು ಇದ್ದಲ್ಲೇ ಇರೋದಿಲ್ಲ. ಸೇಂಟ್ ಮೇರಿಸ್ ಅಂಗಳದ ಕಲ್ಲುಗಳು ಮೂಲತಃ ಬೇರೆ ಸ್ಮಶಾನದವು. ಆಮೇಲೆ 1782ರಲ್ಲಿ ಹೈದರಾಲಿಯ ಭಯಕ್ಕೆ ಅವನ್ನೇ ಎತ್ತಿ ಫಿರಂಗಿ ನಿಲ್ಲಿಸೋ ಹಾಸುಗಲ್ಲು ಮಾಡಿದರು. ಮೂರೇ ವರ್ಷ ಹಿಂದೆ, 1779ರಲ್ಲಿ, ನಮ್ಮ ಮದಕರಿಯ ಕೋಟೆ ಹಿಡಿದ ಹೈದರನೇ! ಹಾಗಾಗಿ ಕಲ್ಲು ಸಿಕ್ಕರೆ ಎತ್ತಬೇಡಿ. ಮಲಗಿದ ದಿಕ್ಕು, ಕೆಳಗೆ ಗಾರೆ-ಇಟ್ಟಿಗೆ ಕಟ್ಟೆ ಇದೆಯೋ ಇಲ್ಲವೋ ಮೊದಲು ಬರೆದುಕೊಳ್ಳಿ. ಕಟ್ಟೆ ಇಲ್ಲದಿದ್ದರೆ ತಂದುಹಾಕಿದ್ದು ಅಂತಲೇ ಹೆಚ್ಚು ಅನುಮಾನ. ಅಕ್ಷರ ಕಾಣಲಿ ಅಂತ ಆಸಿಡ್, ತಂತಿ ಬ್ರಷ್ ಹಾಕಬೇಡಿ, ಮೇಲ್ಪದರವೇ ಎದ್ದುಬರುತ್ತೆ. ಸಂಜೆ ಓರೆ ಬಿಸಿಲಲ್ಲೋ ಪಕ್ಕದಿಂದ ಟಾರ್ಚ್ ಬಿಟ್ಟೋ ಫೋಟೋ ತೆಗೆದರೆ ಸವೆದ ಅಕ್ಷರವೂ ನೆರಳಲ್ಲಿ ಎದ್ದು ಕಾಣುತ್ತೆ.

ಚಂದ್ರವಳ್ಳಿ: ಸೈನ್ಯದ ಡ್ರಮ್ಮು ಬಾರಿಸುವವರಲ್ಲಿ ಕ್ರೈಸ್ತರಿದ್ದರು, ಅವರ ಸಂಸಾರಗಳೂ ಜೊತೆಗೆ ಬರುತ್ತಿದ್ದವು. ಅವರಿಗಾಗಿ ಒಂದು ಸಣ್ಣ ಪ್ರಾರ್ಥನಾಲಯವಾದರೂ?

ಕಾಗದಪತ್ರ: ಇರಬಹುದಾದದ್ದು ಅದೇ. ಆದರೆ ಅದು ಹುಲ್ಲು-ಹೆಂಚಿನ ಕೋಣೆ, ಸರ್ಕಾರಿ ಗ್ಯಾರಿಸನ್ (ದಂಡಿನ) ಚರ್ಚಲ್ಲ. ಹುಡುಕೋದಾದರೆ ಬ್ರಿಟಿಷ್ ಲೈಬ್ರರಿಯ ಎನ್/2 ಸರಣಿ ನೋಡಿ: ಮದ್ರಾಸ್ ಪ್ರಾಂತ್ಯದ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆ. 'ಚಿತ್ರದುರ್ಗ' ಅಂತ ಟೈಪ್ ಮಾಡಿದರೆ ಏನೂ ಬರಲ್ಲ. ಚಿಟಲ್‌ಡ್ರೂಗ್, ಚಿಟ್ಲ್‌ಡ್ರೂಗ್, ಹರ್ರಿಹರ್ ಹೀಗೆ ಹಳೇ ಸ್ಪೆಲ್ಲಿಂಗ್ ಎಲ್ಲ ಹಾಕಿ. ಹೆಸರಿಗಿಂತ ಕೊನೇ ಕಾಲಮ್ಮಿನ ಸಹಿ ನೋಡಿ. ಚಾಪ್ಲಿನ್ (ಕಂಪನಿಯ ಪಾದ್ರಿ) ಸಹಿ ವರ್ಷಗಟ್ಟಲೆ ಒಂದೇ ಸಮ ಇದ್ದರೆ ನಿಮ್ಮ ವಾದಕ್ಕೆ ಜೀವ ಬರುತ್ತೆ. ಕಮಾಂಡಿಂಗ್ ಆಫೀಸರ್ ಸಹಿಯೇ ಇದ್ದರೆ ಅಲ್ಲಿ ಪಾದ್ರಿ ಇರಲಿಲ್ಲ.

ಚಂದ್ರವಳ್ಳಿ: ಕ್ಯಾಥೊಲಿಕ್ ಡ್ರಮ್ಮರನ ಮಗುವಿನ ಹೆಸರು ನೀವು ಹೇಳಿದ ಆಂಗ್ಲಿಕನ್ ಪುಸ್ತಕದಲ್ಲಿ ಯಾಕಿರುತ್ತೆ ಸರ್? ಅವರ ಪಾದ್ರಿಗಳ ಪುಸ್ತಕವನ್ನೂ ತೆಗೆದು ನೋಡೋವರೆಗೆ ನಾನು ಒಪ್ಪಲ್ಲ.